ವೈರಲ್ ಲೋಡ್ ಸರಿಯಿದೆ, ಸಿಡಿ4 ಏಕೆ ಏರುತ್ತಿಲ್ಲ?

ಪ್ರಶ್ನೆ: ನನಗೆ 59 ವರ್ಷ, ತೂಕ 52 ಕೆ.ಜಿ. ಮದ್ದೂರು ತಾಲ್ಲೂಕಿನವನು, ಕಬ್ಬಿನ ಬೇಸಾಯ. ಮೂರು ವರ್ಷದ ಹಿಂದೆ ಎಚ್‌ಐವಿ ಇರುವುದು ಗೊತ್ತಾಯಿತು. ಅವತ್ತಿನಿಂದ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಸೆಂಟರಿನಲ್ಲಿ ಕೊಡುವ ಟಿಎಲ್‌ಡಿ ಮಾತ್ರೆಯನ್ನು ಒಂದು ದಿನವೂ ಬಿಟ್ಟಿಲ್ಲ. ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪ್ರತಿ ಸಲ 'ಕಂಡುಬಂದಿಲ್ಲ' ಎಂದೇ ಬರುತ್ತಿದೆ. ಸಿಡಿ4 (ರೋಗನಿರೋಧಕ ಕೋಶಗಳ ಎಣಿಕೆ) ಮಾತ್ರ ಶುರುವಿನಲ್ಲಿ 84, ಆರು ತಿಂಗಳಿಗೆ 178, ಒಂದು ವರ್ಷಕ್ಕೆ 214, ಎರಡು ವರ್ಷಕ್ಕೆ 263, ಈಗ 241. ನನ್ನ ಜೊತೆಯಲ್ಲೇ ಮಾತ್ರೆ ಶುರು ಮಾಡಿದ 28 ವರ್ಷದ ಹುಡುಗನಿಗೆ 310 ಇದ್ದದ್ದು ಈಗ 690. ನನಗೆ ಈ ಮಾತ್ರೆ ಒಗ್ಗುತ್ತಿಲ್ಲವೇ? ಬೇರೆ ಮಾತ್ರೆಗೆ ಬದಲಾಯಿಸಬೇಕೇ? ಶುಗರ್‌ಗೆ ಮೆಟ್‌ಫಾರ್ಮಿನ್ 1000 ಎರಡು ಹೊತ್ತು, ಬಿಪಿಗೆ ಟೆಲ್ಮಿಸಾರ್ಟಾನ್ 40, ಒಂದು ಕ್ಯಾಲ್ಸಿಯಂ ಮಾತ್ರೆ ಇವೆ. ಇವನ್ನು ಬರೆದುಕೊಡುವ ಡಾಕ್ಟರಿಗೆ ಎಚ್‌ಐವಿ ವಿಷಯ ಹೇಳಿಲ್ಲ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ 1.2. ಸೆಂಟರಿನಲ್ಲಿ ಕೊಡುತ್ತಿದ್ದ ಸಲ್ಫಾ ಮಾತ್ರೆಯನ್ನು ಆರು ತಿಂಗಳ ಹಿಂದೆ ನಾನೇ ನಿಲ್ಲಿಸಿದೆ. ತಿಂಗಳಿಗೆ 2,400 ರೂಪಾಯಿಯ ಒಂದು 'ಶಕ್ತಿ ಪುಡಿ' ತೆಗೆದುಕೊಳ್ಳಿ, ಸಿಡಿ4 ದುಪ್ಪಟ್ಟಾಗುತ್ತದೆ ಎನ್ನುತ್ತಾರೆ. ತೆಗೆದುಕೊಳ್ಳಲೇ?

ಉತ್ತರ: ಮಾತ್ರೆ ನಿಮಗೆ ಚೆನ್ನಾಗಿಯೇ ಒಗ್ಗಿದೆ. ಸಿಡಿ4 ಏರುತ್ತಿಲ್ಲ ಎಂಬ ಕಾರಣಕ್ಕೆ ಅದನ್ನು ಬದಲಾಯಿಸಬೇಕಿಲ್ಲ. ಎಆರ್‌ಟಿ ಮಾತ್ರೆಯ ಕೆಲಸ ವೈರಸ್ ಹುಟ್ಟುವುದನ್ನು ತಡೆಯುವುದು, ಆ ಕೆಲಸ ನಡೆಯುತ್ತಿದೆಯೇ ಎಂದು ಹೇಳುವುದು ವೈರಲ್ ಲೋಡ್. ಸಿಡಿ4 ಏರಿಸುವ ಕೆಲಸ ಮಾತ್ರೆಯದಲ್ಲ, ನಿಮ್ಮ ಮೈಯದು. ವೈರಸ್ಸಿನ ಕಾಟ ತಪ್ಪಿದ ಮೇಲೆ ಮೈ ತನ್ನ ಕೈಲಾದಷ್ಟು ವೇಗದಲ್ಲಿ ಕಳೆದುಕೊಂಡದ್ದನ್ನು ಕಟ್ಟಿಕೊಳ್ಳುತ್ತದೆ. ಆ ವೇಗವನ್ನು ಮುಖ್ಯವಾಗಿ ಎರಡು ಸಂಗತಿ ನಿರ್ಧರಿಸುತ್ತವೆ: ಶುರುವಿನಲ್ಲಿ ಎಷ್ಟು ಉಳಿದಿತ್ತು, ಆಗ ವಯಸ್ಸೆಷ್ಟು. ಎರಡೂ ಆ ಹುಡುಗನ ಕಡೆಗಿದ್ದವು.

ನಿಮ್ಮದೇ ಅಂಕಿಗಳನ್ನು ನೋಡಿ. ಮೊದಲ ಆರು ತಿಂಗಳಲ್ಲಿ 94 ಏರಿದೆ, ಮುಂದಿನ ಆರು ತಿಂಗಳಲ್ಲಿ 36, ಎರಡನೇ ವರ್ಷ ಪೂರ್ತಿ ಸೇರಿ 49. ಇದು ಎಲ್ಲ ಕಡೆ ಕಾಣುವ ನಡೆ. ಮೊದಲ ಎರಡು ಮೂರು ತಿಂಗಳ ಏರಿಕೆಯಲ್ಲಿ ಹೊಸದಾಗಿ ಹುಟ್ಟಿದ ಕೋಶಗಳು ಕಡಿಮೆ. ವೈರಸ್ ಇದ್ದಾಗ ದುಗ್ಧಗ್ರಂಥಿಗಳಲ್ಲಿ, ಅಂದರೆ ಕುತ್ತಿಗೆ, ಕಂಕುಳು, ಹೊಟ್ಟೆಯೊಳಗಿನ ಗಂಟುಗಳಲ್ಲಿ ಸಿಕ್ಕಿಕೊಂಡಿದ್ದ ಕೋಶಗಳು ರಕ್ತಕ್ಕೆ ಹರಿದು ಬರುವುದರಿಂದ ಎಣಿಕೆ ಒಮ್ಮೆಲೇ ಜಿಗಿಯುತ್ತದೆ. ಆಮೇಲಿನ ನಿಧಾನದ ಏರಿಕೆಯೇ ನಿಜವಾದ ಕಟ್ಟಡ. ಮೊದಲ ವರ್ಷದಲ್ಲಿ 100ರಿಂದ 150ರಷ್ಟು ಏರುವುದು ಸಾಮಾನ್ಯ, ನಿಮಗೆ 130 ಏರಿದೆ. 56ನೇ ವಯಸ್ಸಿನಲ್ಲಿ, 84ರಿಂದ ಹೊರಟವರಿಗೆ ಇದು ಒಳ್ಳೆಯ ಏರಿಕೆ.

ವಯಸ್ಸು ಎಲ್ಲಿ ಅಡ್ಡ ಬರುತ್ತದೆ ಎಂಬುದನ್ನು ಕಬ್ಬು ಬೆಳೆಯುವ ನಿಮಗೆ ವಿವರಿಸುವುದು ಸುಲಭ. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ ಥೈಮಸ್ ಎಂಬ ಗ್ರಂಥಿಯಿದೆ. ಮೂಳೆಯ ಮಜ್ಜೆಯಿಂದ ಬಂದ ಎಳೆ ಕೋಶಗಳು ಇಲ್ಲಿ ಪಳಗಿ ಟಿ ಕೋಶಗಳಾಗಿ ಹೊರಬರುತ್ತವೆ. ಇವು ಇನ್ನೂ ಯಾವ ರೋಗಾಣುವನ್ನೂ ಕಾಣದ ಹೊಸ ಕೋಶಗಳು. ಮುಂದೆ ಯಾವ ಹೊಸ ರೋಗ ಬಂದರೂ ಗುರುತಿಸುವ ಸಾಮರ್ಥ್ಯ ಇರುವುದು ಇವುಗಳ ಗುಂಪಿನಲ್ಲೇ. ಇದು ಹೊಸ ತುಂಡು ನೆಟ್ಟು ತೆಗೆಯುವ ತನಿ ಬೆಳೆ. ಇನ್ನೊಂದು ದಾರಿಯಲ್ಲಿ, ಮೈಯಲ್ಲಿ ಈಗಾಗಲೇ ಇರುವ ಹಳೆಯ ಕೋಶಗಳೇ ಒಡೆದು ಎರಡಾಗುತ್ತವೆ. ಇದು ಕಟಾವಾದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಬೆಳೆ. ಕೂಳೆಯಲ್ಲಿ ಗದ್ದೆ ಹಸಿರಾಗುತ್ತದೆ, ಆದರೆ ತಳಿ ಹಳೆಯದೇ, ವರ್ಷ ಕಳೆದಂತೆ ಇಳುವರಿಯೂ ಇಳಿಯುತ್ತದೆ. ಥೈಮಸ್ ಬಾಲ್ಯದಲ್ಲಿ ದಷ್ಟಪುಷ್ಟವಾಗಿದ್ದು, ಹರೆಯದಿಂದಲೇ ಕುಗ್ಗುತ್ತಾ ಬರುತ್ತದೆ. ಐವತ್ತು ದಾಟುವ ಹೊತ್ತಿಗೆ ಅದರ ಬಹುಪಾಲು ಕೊಬ್ಬಾಗಿರುತ್ತದೆ. ಪೂರ್ತಿ ನಿಂತಿರುವುದಿಲ್ಲ, ಆದರೆ ಕಸುವು ಕಡಿಮೆ. ಹಾಗಾಗಿ 28ರವನಿಗೆ ತನಿ ಮತ್ತು ಕೂಳೆ ಎರಡೂ ಬರುತ್ತವೆ, ನಿಮಗೆ ಹೆಚ್ಚಾಗಿ ಕೂಳೆ.

ಥೈಮಸ್ ಒಂದೇ ಕಾರಣವಲ್ಲ. ವರ್ಷಗಟ್ಟಲೆ ವೈರಸ್ ಇದ್ದ ದುಗ್ಧಗ್ರಂಥಿಗಳ ಒಳಗೆ ಗಾಯದ ಕಲೆಯಂಥ ನಾರು ಕಟ್ಟುತ್ತದೆ. ಟಿ ಕೋಶಗಳು ಬದುಕಲು ಬೇಕಾದ ಪೋಷಕ ಸಂಕೇತ ಸಿಗುವುದು ಆ ಗ್ರಂಥಿಗಳ ಹಂದರದಿಂದ. ನಾರು ಕಟ್ಟಿದರೆ ಕೋಶ ಹುಟ್ಟಿದರೂ ಬಹಳ ದಿನ ಬಾಳದು. ಕರುಳಿನ ಗೋಡೆಯ ಸಿಡಿ4 ಕೋಶಗಳು ಸೋಂಕಿನ ಮೊದಲ ವಾರಗಳಲ್ಲೇ ಭಾರೀ ಪ್ರಮಾಣದಲ್ಲಿ ನಾಶವಾಗಿರುತ್ತವೆ, ಅಲ್ಲಿಂದ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಜಿನುಗುತ್ತಾ ಮೈಯಲ್ಲಿ ಸಣ್ಣ ಉರಿಯೂತವನ್ನು ಸದಾ ಉಳಿಸುತ್ತವೆ. ವಯಸ್ಸಾದವರಲ್ಲಿ ಎಚ್‌ಐವಿ ಇಲ್ಲದಿದ್ದರೂ ಈ ಬಗೆಯ ಉರಿಯೂತ ಸ್ವಲ್ಪ ಇರುತ್ತದೆ, ಎರಡೂ ಕೂಡಿದಾಗ ಹೆಚ್ಚುತ್ತದೆ.

ಯುರೋಪಿನ ದೊಡ್ಡ ಅಧ್ಯಯನಗಳಲ್ಲೂ ಇದೇ ಕಂಡಿದೆ. ಐವತ್ತು ದಾಟಿದವರಲ್ಲಿ ವೈರಸ್ ಹತೋಟಿಗೆ ಬರುವುದು ಕಿರಿಯರಷ್ಟೇ ಚೆನ್ನಾಗಿ, ಎಷ್ಟೋ ಸಲ ಇನ್ನೂ ಚೆನ್ನಾಗಿ. ಹಿರಿಯರು ಮಾತ್ರೆಯನ್ನು ಕಟ್ಟುನಿಟ್ಟಾಗಿ ನುಂಗುತ್ತಾರೆ. ಸಿಡಿ4 ಮಾತ್ರ ಅವರಲ್ಲಿ ನಿಧಾನ. ಮಕ್ಕಳಲ್ಲಿ ಇದು ತಿರುಗುಮುರುಗು: ಥೈಮಸ್ ಗಟ್ಟಿಯಿರುವುದರಿಂದ, ತಪ್ಪದೆ ಮಾತ್ರೆ ಕೊಟ್ಟರೆ ಹೊಸ ಕೋಶಗಳು ಬೇಗ ತುಂಬಿಕೊಳ್ಳುತ್ತವೆ.

ಆ ಹುಡುಗನ ಜೊತೆಗಿನ ಹೋಲಿಕೆಯಲ್ಲಿ ವಯಸ್ಸಿಗಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಅವನು 310ರಲ್ಲಿ ಶುರು ಮಾಡಿದ, ನೀವು 84ರಲ್ಲಿ. ಸಿಡಿ4 ಒಮ್ಮೆ ಎಷ್ಟು ಕೆಳಕ್ಕೆ ಇಳಿದಿತ್ತೋ ಅದರ ನೆರಳು ವರ್ಷಗಟ್ಟಲೆ ಉಳಿಯುತ್ತದೆ. ಹಿರಿಯರಲ್ಲಿ ಕಾಯಿಲೆ ತಡವಾಗಿ ಸಿಗುವುದಕ್ಕೆ ನಾವು ವೈದ್ಯರೂ ಹೊಣೆ: ಐವತ್ತೈದರ ಮನುಷ್ಯ ತೂಕ ಇಳಿಯಿತು, ಬಾಯಲ್ಲಿ ಬಿಳಿ ಹುಣ್ಣು, ಮೈಮೇಲೆ ಸರ್ಪಸುತ್ತು ಎಂದು ಬಂದರೆ ಶುಗರ್, ಟಿಬಿ, ಕ್ಯಾನ್ಸರ್ ಎಲ್ಲ ನೋಡುತ್ತೇವೆ, ಎಚ್‌ಐವಿ ಪರೀಕ್ಷೆ ಮಾತ್ರ ಕೊನೆಗೆ ನೆನಪಾಗುತ್ತದೆ. ನಿಮ್ಮ ಹೆಂಡತಿಯ ಪರೀಕ್ಷೆ ಆಗಿದೆಯೇ ಎಂದು ನೀವು ಬರೆದಿಲ್ಲ. ಆಗದಿದ್ದರೆ ಐಸಿಟಿಸಿಯಲ್ಲಿ (ಸರ್ಕಾರಿ ಎಚ್‌ಐವಿ ಸಲಹೆ, ಪರೀಕ್ಷಾ ಕೇಂದ್ರ) ಉಚಿತವಾಗಿ ಈ ವಾರವೇ ಮಾಡಿಸಿ. ವೈರಲ್ ಲೋಡ್ ಕಾಣದಷ್ಟು ಇಳಿದ ಸ್ಥಿತಿಯಲ್ಲಿ ಇರುವವರೆಗೆ ನಿಮ್ಮಿಂದ ದೈಹಿಕ ಸಂಬಂಧದಲ್ಲಿ ಅವರಿಗೆ ಸೋಂಕು ಹರಡುವುದಿಲ್ಲ, ಆದರೆ ಮೂರು ವರ್ಷದ ಹಿಂದಿನ ಕಾಲದ್ದು ಪರೀಕ್ಷೆಯಿಂದಲೇ ತಿಳಿಯಬೇಕು.

ಇನ್ನು 263ರಿಂದ 241. ಇದನ್ನು ಇಳಿಕೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಒಬ್ಬರದೇ ಸಿಡಿ4 ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು ಇರುತ್ತದೆ. ನೆಗಡಿ ಜ್ವರ ಬಂದ ವಾರ ಇಳಿಯುತ್ತದೆ. ಯಂತ್ರ, ಲ್ಯಾಬು ಬದಲಾದರೂ ಅಂಕಿ ಬದಲಾಗುತ್ತದೆ. ಎರಡು ಪರೀಕ್ಷೆಗಳ ನಡುವೆ ಸುಮಾರು ಶೇ 30ಕ್ಕಿಂತ ಹೆಚ್ಚು ವ್ಯತ್ಯಾಸ ಬಂದು, ಮರುಪರೀಕ್ಷೆಯಲ್ಲೂ ಅದೇ ಉಳಿದರೆ ಮಾತ್ರ ಯೋಚಿಸಬೇಕು. ನಿಮ್ಮ ಲೆಕ್ಕದಲ್ಲಿ 263 ಇದ್ದದ್ದು 184ಕ್ಕಿಂತ ಕೆಳಗೆ ಹೋಗಬೇಕಿತ್ತು. ಪ್ರತಿ ಸಲ ಒಂದೇ ಲ್ಯಾಬಿನಲ್ಲಿ, ಬೆಳಗಿನ ಒಂದೇ ಹೊತ್ತಿಗೆ ರಕ್ತ ಕೊಡಿ. ರಿಪೋರ್ಟಿನಲ್ಲಿ ಸಿಡಿ4 ಶೇಕಡಾವಾರು ಎಂಬ ಅಂಕಿ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ, ಅದು ಇಷ್ಟು ಏರುಪೇರಾಗುವುದಿಲ್ಲ.

ಹಾಗೆಂದು 'ವಯಸ್ಸಾಯಿತು' ಎಂದು ಕೈಬಿಡುವುದೂ ಸರಿಯಲ್ಲ. ವೈರಸ್ ಹತೋಟಿಯಲ್ಲಿದ್ದೂ ಸಿಡಿ4 ಏರದವರಲ್ಲಿ ನೋಡಲೇಬೇಕಾದ ಕೆಲವು ಕಾರಣಗಳಿವೆ. ಮೊದಲನೆಯದು ಒಳಗೇ ಇರುವ ಟಿಬಿ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಇವುಗಳಲ್ಲಿ ಒಂದಿದ್ದರೂ ಸೆಂಟರಿನಲ್ಲಿ ಮುಚ್ಚಿಡದೆ ಹೇಳಿ. ಎರಡನೆಯದು ಲಿವರ್. ಹೆಪಟೈಟಿಸ್ ಅಥವಾ ಮದ್ಯದಿಂದ ಲಿವರ್ ಗಟ್ಟಿಯಾದರೆ ಗುಲ್ಮ (ಸ್ಪ್ಲೀನ್) ಊದಿಕೊಂಡು ರಕ್ತಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಸಿಡಿ4 ಎಣಿಕೆ ಕಡಿಮೆ ಕಂಡರೂ ಶೇಕಡಾವಾರು ಚೆನ್ನಾಗಿರುತ್ತದೆ, ಜೊತೆಗೆ ಪ್ಲೇಟ್‌ಲೆಟ್ ಕೂಡ ಕಡಿಮೆ ಇರುತ್ತದೆ. ಒಂದು ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ಮೂರನೆಯದು ಬೇರೆ ಔಷಧಗಳು: ಮಂಡಿನೋವಿಗೆ, ಉಬ್ಬಸಕ್ಕೆ ಕೊಡುವ ಪ್ರೆಡ್ನಿಸಲೋನ್‌ನಂಥ ಸ್ಟೀರಾಯ್ಡ್, ಕ್ಯಾನ್ಸರ್ ಔಷಧ, ಹಳೆಯ ಎಆರ್‌ಟಿಯಲ್ಲಿದ್ದ ಜಿಡೋವುಡಿನ್. ದುಗ್ಧಗ್ರಂಥಿಯ ಕ್ಯಾನ್ಸರ್ ಅಪರೂಪ, ಆದರೆ ಗಂಟು ಬೆಳೆಯುತ್ತಿದ್ದರೆ ತಡಮಾಡಬಾರದು.

ಈಗ ಪುಡಿಯ ವಿಷಯ. ಬೇಡ. ಈ ಮಾತನ್ನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ತಿಂಗಳಿಗೆ 2,400 ರೂಪಾಯಿ ನಿಮ್ಮಂಥ ಮನೆಗೆ ಸಣ್ಣ ಮೊತ್ತವಲ್ಲ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು, ಸೀಸ ಪಾದರಸದಂಥ ಲೋಹಗಳಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಸ್ಟೀರಾಯ್ಡ್‌ನಿಂದ ಎರಡು ದಿನ ಹಸಿವು, ಹುರುಪು ಬರುತ್ತದೆ, ಆಮೇಲೆ ಶುಗರ್ ಏರುತ್ತದೆ, ಟಿಬಿ ತಲೆ ಎತ್ತುತ್ತದೆ. ಲೋಹ ಕಿಡ್ನಿಗೆ ಹೋಗುತ್ತದೆ, ನಿಮ್ಮ ಕಿಡ್ನಿಗೆ ಆ ಹೊರೆ ತಡೆಯುವ ಶಕ್ತಿಯಿಲ್ಲ. ಸಿಡಿ4 ದುಪ್ಪಟ್ಟಾದರೂ ಲಾಭ ಬರುತ್ತದೆ ಎಂದೂ ಅಲ್ಲ. ಇಂಟರ್‌ಲ್ಯೂಕಿನ್-2 ಎಂಬ ಚುಚ್ಚುಮದ್ದು ಸಿಡಿ4 ಅನ್ನು ನಿಜವಾಗಿಯೂ ಏರಿಸುತ್ತಿತ್ತು. ಸಾವಿರಾರು ಜನರ ಮೇಲೆ ನಡೆದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2009ರಲ್ಲಿ ಬಂದಾಗ, ಎಣಿಕೆ ಏರಿದರೂ ಕಾಯಿಲೆಯಾಗಲಿ ಸಾವಾಗಲಿ ಕಡಿಮೆಯಾಗಿರಲಿಲ್ಲ. ನಡೆಯುತ್ತಿರುವ ಎಆರ್‌ಟಿಗೆ ಇನ್ನೊಂದು ಎಚ್‌ಐವಿ ಔಷಧ ಸೇರಿಸಿದರೂ ಸಿಡಿ4 ಏರುವುದಿಲ್ಲ, ಅದನ್ನೂ ಪರೀಕ್ಷಿಸಿ ನೋಡಿದ್ದಾಗಿದೆ. ಆ ದುಡ್ಡಿನಲ್ಲಿ ದಿನಕ್ಕೆ ಎರಡು ಮೊಟ್ಟೆ, ಮುದ್ದೆಯ ಜೊತೆ ಕಾಳು ಹಾಕಿದ ಸೊಪ್ಪಿನ ಸಾರು, ಒಂದು ಲೋಟ ಹಾಲು ಬರುತ್ತವೆ. 52 ಕೆ.ಜಿ. ಇನ್ನೂ ಇಳಿಯದಂತೆ ನೋಡಿಕೊಳ್ಳುವುದು ಮುಖ್ಯ. ಬೀಡಿ ಸೇದುತ್ತಿದ್ದರೆ ಬಿಡಿ, ಟಿಬಿ, ಹೃದಯರೋಗ, ಶ್ವಾಸಕೋಶದ ಕಾಯಿಲೆ ಮೂರಕ್ಕೂ ಬೀಡಿಯೇ ದಾರಿ.

ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದದ್ದು ಸಿಡಿ4 ಅಲ್ಲ, ಉಳಿದ ಮಾತ್ರೆಗಳು.

ಮೆಟ್‌ಫಾರ್ಮಿನ್ ದಿನಕ್ಕೆ 2000 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದೀರಿ. ಟಿಎಲ್‌ಡಿ ಎಂದರೆ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಇದರಲ್ಲಿನ ಡೊಲುಟೆಗ್ರಾವಿರ್, ಕಿಡ್ನಿ ಮೆಟ್‌ಫಾರ್ಮಿನ್ ಹೊರಹಾಕುವ ದಾರಿಯನ್ನು ತಡೆಯುತ್ತದೆ, ರಕ್ತದಲ್ಲಿ ಮೆಟ್‌ಫಾರ್ಮಿನ್ ಮಟ್ಟ ಏರುತ್ತದೆ. ಅದಕ್ಕೇ ಡೊಲುಟೆಗ್ರಾವಿರ್ ಜೊತೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ ದಾಟಬಾರದು. ನಿಮ್ಮ ಡಾಕ್ಟರಿಗೆ ವಿಷಯ ಗೊತ್ತಿಲ್ಲ, ಎಆರ್‌ಟಿ ಸೆಂಟರಿಗೆ ಶುಗರ್ ಮಾತ್ರೆಯ ಪ್ರಮಾಣ ಗೊತ್ತಿಲ್ಲ, ಹಾಗಾಗಿ ಯಾರೂ ಇದನ್ನು ಹಿಡಿದಿಲ್ಲ. ನೀವೇ ಕಡಿತ ಮಾಡಬೇಡಿ, ಶುಗರ್ ಏರಿಬಿಡುತ್ತದೆ. ಈ ವಾರವೇ ಡಾಕ್ಟರನ್ನು ಕಂಡು ಪ್ರಮಾಣ ಇಳಿಸಿ, ಬೇಕಿದ್ದರೆ ಇನ್ನೊಂದು ಔಷಧ ಸೇರಿಸಿಕೊಳ್ಳಿ.

ಎರಡನೆಯದು ಕಿಡ್ನಿ. ಕ್ರಿಯಾಟಿನಿನ್ 1.2 ಎಂದರೆ ರಿಪೋರ್ಟಿನಲ್ಲಿ 'ನಾರ್ಮಲ್' ಎಂದೇ ಅಚ್ಚಾಗಿರುತ್ತದೆ. ಆದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತದೆ ಎಂದು ವಯಸ್ಸು ಮತ್ತು ತೂಕ ಸೇರಿಸಿ ಲೆಕ್ಕ ಹಾಕಬೇಕು: 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಅದನ್ನು 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. ನಿಮಗೆ 81 ಗುಣಿಸು 52, ಅಂದರೆ 4212. ಅದನ್ನು 86.4ರಿಂದ ಭಾಗಿಸಿದರೆ ಸುಮಾರು 49. ಹೆಂಗಸರಾದರೆ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು. ಇದೇ ತೂಕ, ಇದೇ ಕ್ರಿಯಾಟಿನಿನ್ ಇರುವ 29 ವರ್ಷದವನಿಗೆ 67 ಬರುತ್ತದೆ. ಟೆನೊಫೊವಿರ್ ಕೊಡುವಾಗ 50ರ ಕೆಳಗೆ ಬಂದರೆ ಎಚ್ಚರ ವಹಿಸಿ ಸಾಮಾನ್ಯವಾಗಿ ಅಬಾಕವಿರ್‌ಗೆ ಬದಲಿಸುತ್ತಾರೆ. ನೀವು ಗೆರೆಯ ಮೇಲೆ ನಿಂತಿದ್ದೀರಿ. ಡೊಲುಟೆಗ್ರಾವಿರ್ ಕಿಡ್ನಿಗೆ ಏನೂ ಹಾನಿ ಮಾಡದೆ ಕ್ರಿಯಾಟಿನಿನ್ ಅಂಕಿಯನ್ನು 0.1ರಿಂದ 0.2ರಷ್ಟು ಏರಿಸುತ್ತದೆ ಎಂಬುದನ್ನೂ ಗಮನಿಸಬೇಕು. ಹಾಗಾಗಿ ಒಂದೇ ರಿಪೋರ್ಟ್ ನೋಡಿ ಮಾತ್ರೆ ಬದಲಿಸುವುದಿಲ್ಲ. ಮೂರು ವರ್ಷದ ಹಿಂದಿನ ಕ್ರಿಯಾಟಿನಿನ್ ಎಷ್ಟಿತ್ತು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ತಿಂಗಳ ನಂತರ ಎಷ್ಟಿದೆ, ಇಷ್ಟು ನೋಡಿ ತೀರ್ಮಾನಿಸುತ್ತಾರೆ. ಬದಲಿಸುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಏಕೆಂದರೆ ಟೆನೊಫೊವಿರ್ ಆ ವೈರಸ್ಸನ್ನೂ ತಡೆದಿಟ್ಟಿರುತ್ತದೆ, ನಿಲ್ಲಿಸಿದರೆ ಅದು ಕೆರಳಿ ಲಿವರ್ ಹಾಳಾಗಬಹುದು. ಮಂಡಿನೋವು, ಸೊಂಟನೋವು ಎಂದು ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದರೆ ಅದು ಇವತ್ತಿನಿಂದಲೇ ನಿಲ್ಲಲಿ.

ಮೂರನೆಯದು ನೀವು ಬಿಟ್ಟ ಸಲ್ಫಾ ಮಾತ್ರೆ, ಕೋಟ್ರೈಮಾಕ್ಸಜೋಲ್. ಸಿಡಿ4 ಕಡಿಮೆಯಿರುವವರಲ್ಲಿ ನ್ಯುಮೋನಿಯಾ, ಮೆದುಳಿನ ಟಾಕ್ಸೊಪ್ಲಾಸ್ಮಾ, ಕೆಲವು ಭೇದಿಗಳನ್ನು ತಡೆಯಲು ಕೊಡುವುದು. ನಮ್ಮಲ್ಲಿ ಇದನ್ನು ನಿಲ್ಲಿಸುವುದು ಆರು ತಿಂಗಳ ಅಂತರದ ಎರಡು ಪರೀಕ್ಷೆಗಳಲ್ಲಿ ಸಿಡಿ4 350 ದಾಟಿದ ಮೇಲೆ. ನೀವು ಇನ್ನೂ 241ರಲ್ಲಿದ್ದೀರಿ. ವೈರಸ್ ಹತೋಟಿಯಲ್ಲಿ, ಎಣಿಕೆ 200ರ ಮೇಲೆ ಇರುವುದರಿಂದ ಗಾಬರಿಯ ಮಾತಿಲ್ಲ. ಆದರೆ ಬಿಟ್ಟಿದ್ದೇನೆ ಎಂದು ಸೆಂಟರಿನಲ್ಲಿ ಹೇಳಿ. ನೀವಾಗಿಯೇ ಮತ್ತೆ ಶುರು ಮಾಡಬೇಡಿ, ಅದಕ್ಕೆ ಕಾರಣವಿದೆ: ಟೆಲ್ಮಿಸಾರ್ಟಾನ್ ರಕ್ತದ ಪೊಟ್ಯಾಸಿಯಂ ಏರಿಸುತ್ತದೆ, ಕೋಟ್ರೈಮಾಕ್ಸಜೋಲ್ ಕೂಡ ಏರಿಸುತ್ತದೆ, ಕಿಡ್ನಿ 49ರಲ್ಲಿದೆ. ಮೂರೂ ಕೂಡಿದರೆ ಪೊಟ್ಯಾಸಿಯಂ ಹೃದಯದ ಬಡಿತ ಕೆಡುವಷ್ಟು ಏರಬಹುದು. ಪೊಟ್ಯಾಸಿಯಂ ನೋಡಿಸಿಕೊಂಡು ಶುರು ಮಾಡಿ, ಒಂದೆರಡು ವಾರದಲ್ಲಿ ಮತ್ತೆ ನೋಡಿಸಬೇಕು. ಇಲ್ಲವೇ ಬಿಪಿಗೆ ಆಮ್ಲೋಡಿಪಿನ್‌ನಂಥ ಬೇರೆ ಮಾತ್ರೆಗೆ ಬದಲಿಸುವ ದಾರಿಯೂ ಇದೆ. ಮೊದಲ ಸಲ ತೆಗೆದುಕೊಂಡಾಗ ಮೈಮೇಲೆ ದದ್ದು ಎದ್ದು ಬಿಟ್ಟಿದ್ದರೆ ಅದನ್ನೂ ಹೇಳಿ, ಆಗ ಬೇರೆ ಔಷಧ ಕೊಡುತ್ತಾರೆ.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಟಿಎಲ್‌ಡಿ ಜೊತೆ ನುಂಗಿದರೆ ಡೊಲುಟೆಗ್ರಾವಿರ್ ಅವುಗಳಿಗೆ ಅಂಟಿಕೊಂಡು ಮೈಗೆ ಸೇರದೆ ಹೋಗುತ್ತದೆ. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಟಿಎಲ್‌ಡಿಯನ್ನು ಕ್ಯಾಲ್ಸಿಯಂಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಆದಮೇಲೆ ನುಂಗಿ. ಗ್ಯಾಸ್‌ಗೆಂದು ಕುಡಿಯುವ ಗಟ್ಟಿ ಸಿರಪ್‌ಗಳಲ್ಲಿ ಅಲ್ಯುಮಿನಿಯಂ, ಮೆಗ್ನೀಸಿಯಂ ಇರುತ್ತವೆ, ಅವುಗಳ ಜೊತೆ ಊಟವಿದ್ದರೂ ಅಂತರ ಬೇಕೇ ಬೇಕು. ಪ್ಯಾಂಟೊಪ್ರಜೋಲ್ ಮಾತ್ರೆಯಿಂದ ತೊಂದರೆಯಿಲ್ಲ. ಮುಂದೆ ಎಂದಾದರೂ ಟಿಬಿ ಚಿಕಿತ್ಸೆ ಬೇಕಾಗಿ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ 50 ಮಿ.ಗ್ರಾಂ ಇನ್ನೊಂದನ್ನು ಹನ್ನೆರಡು ಗಂಟೆಯ ಅಂತರದಲ್ಲಿ ಸೇರಿಸಬೇಕಾಗುತ್ತದೆ, ರಿಫಾಂಪಿಸಿನ್ ಮುಗಿದ ಮೇಲೂ ಎರಡು ವಾರ. ಟಿಬಿ ಬಾರದಂತೆ ಕೊಡುವ ಐಸೋನಿಯಾಜಿಡ್ ಕೋರ್ಸ್, ದಿನಕ್ಕೆ 300 ಮಿ.ಗ್ರಾಂ ಆರು ತಿಂಗಳು, ಬಿ6 ಜೊತೆ, ನಿಮಗೆ ಆಗಿದೆಯೇ ಎಂದು ಸೆಂಟರಿನ ಹಸಿರು ಪುಸ್ತಕದಲ್ಲಿ ನೋಡಿಸಿ.

ನಿಮ್ಮ ವಯಸ್ಸಿನಲ್ಲಿ, ವೈರಸ್ ಹತೋಟಿಯಲ್ಲಿರುವಾಗ, ಜೀವಕ್ಕೆ ದೊಡ್ಡ ಅಪಾಯ ಬರುವುದು ಹೃದಯದ ಕಡೆಯಿಂದ. ಎಆರ್‌ಟಿ ತೆಗೆದುಕೊಳ್ಳುತ್ತಿದ್ದ 40ರಿಂದ 75 ವರ್ಷದವರಿಗೆ ಪಿಟವಾಸ್ಟಾಟಿನ್ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಮೂರನೇ ಒಂದರಷ್ಟು ಕಡಿಮೆಯಾದವು. ಶುಗರ್, ಬಿಪಿ ಎರಡೂ ಇರುವ ನಿಮಗೆ ಕೊಲೆಸ್ಟರಾಲ್ ಅಂಕಿ ಚೆನ್ನಾಗಿದ್ದರೂ ಸ್ಟಾಟಿನ್ ಬೇಕಾಗಬಹುದು, ಡಾಕ್ಟರನ್ನು ಕೇಳಿ. ಸುಲಭವಾಗಿ ಸಿಗುವ ಅಟೋರ್ವಾಸ್ಟಾಟಿನ್‌ಗೂ ಟಿಎಲ್‌ಡಿಗೂ ಜಗಳವಿಲ್ಲ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೊಕಾಕಲ್ ಲಸಿಕೆ, ಹೆಪಟೈಟಿಸ್ ಬಿ ಲಸಿಕೆಗಳ ಬಗ್ಗೆಯೂ ವಿಚಾರಿಸಿ.

ಇದೆಲ್ಲ ಆಗಬೇಕಾದರೆ ಆ ಡಾಕ್ಟರಿಗೆ ವಿಷಯ ಹೇಳಲೇಬೇಕು. ಊರವರ ಕಣ್ಣಿಗೆ ಬೀಳಬಾರದೆಂದು ಮಂಡ್ಯದ ಮಿಮ್ಸ್ ಆಸ್ಪತ್ರೆ ಬಿಟ್ಟು ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಬಸ್ ಹತ್ತುವವರ ಸಂಕಟ ಅರ್ಥವಾಗುವಂಥದ್ದೇ. ಆದರೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ನಿಮ್ಮ ಪರವಾಗಿದೆ. ನಿಮ್ಮ ಒಪ್ಪಿಗೆಯಿಲ್ಲದೆ ಡಾಕ್ಟರು ನಿಮ್ಮ ಸ್ಥಿತಿಯನ್ನು ಬೇರೆಯವರಿಗೆ ಹೇಳುವಂತಿಲ್ಲ, ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಬಾಯಲ್ಲಿ ಹೇಳುವುದು ಕಷ್ಟವಾದರೆ ಟಿಎಲ್‌ಡಿ ಡಬ್ಬಿಯನ್ನೇ ಮೇಜಿನ ಮೇಲೆ ಇಡಿ. ಹೇಗೆ ಹೇಳುವುದೆಂದು ಮಾತಾಡಬೇಕೆನಿಸಿದರೆ ಉಚಿತ ಸಹಾಯವಾಣಿ 1097 ಇದೆ.

ನಾನು 500 ಮುಟ್ಟುತ್ತೇನೆಯೇ ಎಂಬುದು ನಿಮ್ಮ ಮನಸ್ಸಿನಲ್ಲಿದ್ದೇ ಇರುತ್ತದೆ. ಮುಟ್ಟದೆ ಇರಬಹುದು. ಏರಿಕೆ ನಾಲ್ಕೈದು ವರ್ಷದವರೆಗೂ ಮೆಲ್ಲಗೆ ಮುಂದುವರಿಯಬಹುದು, 300ರಿಂದ 400ರ ಆಸುಪಾಸಿನಲ್ಲಿ ನಿಲ್ಲಲೂಬಹುದು. ಅಷ್ಟರಲ್ಲಿ ನಿಂತು, ವೈರಲ್ ಲೋಡ್ ಹತೋಟಿಯಲ್ಲಿಟ್ಟುಕೊಂಡು ಹೊಲದ ಕೆಲಸ ಮಾಡಿಕೊಂಡಿರುವವರು ಬಹಳ ಜನ ಇದ್ದಾರೆ. ಮುಂದಿನ ಸಲ ಸೆಂಟರಿಗೆ ಹೋಗುವಾಗ ನುಂಗುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಹಸಿರು ಪುಸ್ತಕದಲ್ಲಿ ಅವುಗಳ ಹೆಸರು, ಪ್ರಮಾಣ ಬರೆಸಿ. ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದ ಪ್ರೋಟೀನ್, ಹೆಪಟೈಟಿಸ್ ಬಿ ಮತ್ತು ಸಿ, ಪ್ಲೇಟ್‌ಲೆಟ್, ಇಷ್ಟು ಕೇಳಿ ಮಾಡಿಸಿ. ಸಿಡಿ4 ಆರು ತಿಂಗಳಿಗೊಮ್ಮೆ ಸಾಕು. ಅದು ಎರಡು ಸಲ 200ರ ಕೆಳಗೆ ಬಂದರೆ, ಅಥವಾ ವೈರಲ್ ಲೋಡ್ 1000 ದಾಟಿದರೆ ತಡಮಾಡಬೇಡಿ. ವೈರಲ್ ಲೋಡ್ ಏರಿದಾಗ ಮೊದಲು ಮಾತ್ರೆ ತಪ್ಪಿದೆಯೇ, ಕ್ಯಾಲ್ಸಿಯಂ ಜೊತೆ ಬೆರೆತಿದೆಯೇ ಎಂದು ನೋಡುತ್ತಾರೆ, ಅದನ್ನು ಸರಿಪಡಿಸಿ ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡುತ್ತಾರೆ. ಮಾತ್ರೆ ಬದಲಿಸುವ ಮಾತು ಬರುವುದು ಆಮೇಲೆ.